ಅಲ್ ಖಫ್ಜಿಯಲ್ಲಿ ಬನ್ಸ್ ಉಬ್ಬಿದ ದಿನ

ಗುರುವಾರ ಬೆಳಿಗ್ಗೆ ಹತ್ತಕ್ಕೆ ಸಿಮೋನ್ ಆಫೀಸಿನಿಂದ ಹೆಂಡತಿಗೆ ಫೋನು ಮಾಡಿದ. ಸಂಜೆ ಐದಕ್ಕೆ ಮ್ಯಾನೇಜರ್ ಅಬ್ದುಲ್ ಅಝೀಝ್ ಚಹಾಕ್ಕೆ ಬರುತ್ತಾರೆ, ಮಂಗಳೂರು ಬನ್ಸ್ ಮಾಡಬೇಕು.

"ಇವತ್ತಾ? ಹಿಟ್ಟು ನಿನ್ನೆ ರಾತ್ರಿಯೇ ಕಲಸ್ಬೇಕಿತ್ತು. ಮತ್ತೆ ನಂಗೆ ಬನ್ಸ್ ಎಲ್ಲಿ ಬರ್ತದೆ ಮಾರಾಯ್ರೆ?"

"ಎಂತಾದ್ರೂ ಮಾಡು ಆಲ್ಬಿನಾ. ನಾವು ಇಲ್ಲಿ ಇರುದಾ, ಊರಿಗೆ ಹೋಗುದಾ ಅಂತ ಅವ್ರು ಇವತ್ತೇ ಹೇಳ್ತಾರೆ."

ಯಾಕೆ, ಏನು ಎಂದು ಕೇಳುವ ಮೊದಲೇ ಫೋನು ಕಟ್ಟಾಯಿತು.

ಗಲ್ಫಿನ ಆ ಎರಡು ಕೋಣೆಯ ಕಂಪೆನಿ ಫ್ಲ್ಯಾಟಿಗೆ ಬಂದು ಆಲ್ಬಿನಾಳಿಗೆ ಆರು ವರ್ಷ. ಹೊರಗೆ ನೋಡಲು ಏನೂ ಇರಲಿಲ್ಲ, ಮರಳು ಮತ್ತು ಪೈಪು. ಆದರೆ ಅಡುಗೆಮನೆ ಅವಳದ್ದು. ಮಂಗಳೂರಿನ ಗಂಡನ ಮನೆಯಲ್ಲಿ ಹನ್ನೊಂದು ಜನಕ್ಕೆ ಬೇಯಿಸಿ, ಕೊನೆಗೆ ಪಾತ್ರೆಯ ತಳ ಕೆರೆಯುವಾಗಲೂ "ಎಂತ ಹುಡುಕುದು?" ಎಂದು ಅತ್ತಿಗೆ ಕೇಳುತ್ತಿದ್ದಳು. ಇಲ್ಲಿ ಮಧ್ಯಾಹ್ನ ಬರಿನೆಲದ ಮೇಲೆ ಮಲಗಿ ಫ್ಯಾನು ನೋಡುತ್ತಿದ್ದರೂ ಕೇಳುವವರಿಲ್ಲ. ಈ ಸುಖವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಯಾರಾದರೂ ಎತ್ತಿಕೊಂಡು ಹೋದಾರೆಂಬ ಭಯ.

ಅಂಗಡಿಯ ಬಾಳೆಹಣ್ಣು ಪೊಲೀಸರ ಲಾಠಿಯಂತಿತ್ತು. ಪಕ್ಕದ ಫ್ಲ್ಯಾಟಿನ ರಮ್ಲತ್ ಬಂದವಳೇ ಅದನ್ನು ಸಿಪ್ಪೆ ಸಮೇತ ಮೈಕ್ರೋವೇವಿಗೆ ತುರುಕಿದಳು. "ಎರಡು ನಿಮಿಷ, ಹಣ್ಣಾಗ್ತದೆ." ಒಂದೂವರೆ ನಿಮಿಷಕ್ಕೆ ಠಪ್ಪೆಂದಿತು.

ಸದ್ದು ಕೇಳಿ ಮೇಲಿನ ಮಹಡಿಯಿಂದ ಉಡುಪಿಯ ಯಶ್ಮಿತಾ ಇಳಿದು ಬಂದಳು. ಮೈಕ್ರೋವೇವಿನ ಗೋಡೆಗಳಿಂದಲೇ ಹಣ್ಣು ಬಳಿದು, ಮೈದಾ, ಮೊಸರು, ಸಕ್ಕರೆ, ಜೀರಿಗೆ ಸೇರಿಸಿ ಕಲಸಿದ್ದಾಯಿತು.

"ಸೋಡಾ ಇನ್ನೊಂದು ಚಮಚ ಹಾಕಿ," ಎಂದಳು ಯಶ್ಮಿತಾ.

"ಹಾಕ್ಬೇಡ, ಸಾಬೂನು ಆಗ್ತದೆ."

"ನಿಮ್ಮ ಕಡೆಯವ್ರಿಗೆ ಬನ್ಸ್ ಎಂತ ಗೊತ್ತುಂಟು ರಮ್ಲತ್ತಾ?"

"ನಮ್ಮ ಕಡೆಯ ಹೋಟ್ಲಲ್ಲಿ ತಿಂದೇ ಅಲ್ವಾ ನೀವು ದೊಡ್ಡವರಾದದ್ದು?"

ಇಬ್ಬರ ನಡುವೆ ಆಲ್ಬಿನಾ ಮೊದಲನೆಯದನ್ನು ಎಣ್ಣೆಗೆ ಬಿಟ್ಟಳು. ಅದು ಬಾವಿಗೆ ಬಿದ್ದ ಕೊಡಪಾನದಂತೆ ತಳ ಸೇರಿತು. ಎರಡನೆಯದು ಮೇಲೆ ಬಂತು, ಆದರೆ ಹಳೆಯ ಚಪ್ಪಲಿಯ ಅಟ್ಟೆಯಂತೆ. ಗಂಟೆ ಎರಡು. ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. ಕಣ್ಣಮುಂದೆ ಊರಿನ ಅಡುಗೆಮನೆಯಲ್ಲಿ ಅತ್ತಿಗೆ ಉಪ್ಪಿನ ಡಬ್ಬದ ಮುಚ್ಚಳ ಬಿಗಿಮಾಡುತ್ತಿದ್ದಳು.

"ರಾತ್ರಿಯಿಡೀ ಹುಳಿ ಬರ್ಬೇಕಿತ್ತು," ಎಂದಳು ಯಶ್ಮಿತಾ, ಸಾವಿನ ಮನೆಯ ದನಿಯಲ್ಲಿ.

ರಮ್ಲತ್ ಹಿಟ್ಟಿನ ಪಾತ್ರೆಗೆ ಒದ್ದೆ ಬಟ್ಟೆ ಮುಚ್ಚಿ ಬಾಲ್ಕನಿಯಲ್ಲಿಟ್ಟಳು. ಹೊರಗೆ ನಲವತ್ತೆಂಟು ಡಿಗ್ರಿ. "ಊರಲ್ಲಿ ಒಂದು ರಾತ್ರಿ ಅಂದ್ರೆ ಇಲ್ಲಿ ಎರಡು ಗಂಟೆ. ಈ ಬಿಸಿಲಿಂದ ಒಂದಾದ್ರೂ ಉಪಕಾರ ಆಗ್ಲಿ."

ನಾಲ್ಕೂವರೆಗೆ ಹಿಟ್ಟು ಬಟ್ಟೆಯನ್ನೇ ಎತ್ತಿ ನಿಂತಿತ್ತು. ಲಟ್ಟಿಸಿ ಬಿಟ್ಟದ್ದೇ ತಡ, ಬನ್ಸ್ ಬುಸ್ಸೆಂದು ಉಬ್ಬಿ, ಬೆನ್ನು ತಟ್ಟಿಸಿಕೊಳ್ಳುವ ಮಗುವಿನಂತೆ ಮಗುಚಿಕೊಂಡಿತು. ಮೂವರೂ ಕೈಕೈ ಹಿಡಿದುಕೊಂಡರು.

ಅಬ್ದುಲ್ ಅಝೀಝ್ ಐದಕ್ಕೇ ಬಂದರು. ಮೊದಲನೆಯದನ್ನು ಮುರಿದಾಗ ಹಬೆ ಬಂತು. ಎರಡನೆಯದಕ್ಕೆ ಕಣ್ಣು ಮುಚ್ಚಿದರು. ಆರನೆಯದು ಮುಗಿಸಿ, ಗಲ್ಫಿನ ಹಿಂದಿಯಲ್ಲಿ ಆಲ್ಬಿನಾಳಿಗೇ ಹೇಳಿದರು:

"ನಿನ್ನ ಗಂಡ ಹೋದ ತಿಂಗಳು ರಾಜೀನಾಮೆ ಕೊಟ್ಟ. ಕಾರಣ, ಊರಲ್ಲಿ ಹೆಂಡತಿ ಬನ್ಸ್ ಅಂಗಡಿ ಹಾಕ್ತಾಳೆ ಅಂತ. ಮರುವಾರ ಬಂದು, ಸಿಟ್ಟಲ್ಲಿ ಬರೆದದ್ದು, ವಾಪಸ್ ಕೊಡಿ ಅಂದ. ಯಾವುದು ನಿಜ? ನೋಡಿಯೇ ಹೇಳ್ತೇನೆ ಅಂತ ಬಂದೆ."

ಆಲ್ಬಿನಾ ಗಂಡನ ಕಡೆ ತಿರುಗಿದಳು. ಸಿಮೋನ್ ಕಾರ್ಪೆಟ್ಟಿನ ಹೂವು ನೋಡುತ್ತಿದ್ದ.

"ಫಾರ್ಮಲ್ಲಿ ಕಾರಣ ಬರೀಲೇಬೇಕಿತ್ತು," ಎಂದು ಗೊಣಗಿದ.

"ಬನ್ಸ್ ಕೆಟ್ಟದಾಗಿದ್ರೆ ಆ ಕಾಗದ ಹರಿದು ಹಾಕ್ತಿದ್ದೆ," ಎಂದರು ಅಬ್ದುಲ್ ಅಝೀಝ್. "ಸಿಟ್ಟಲ್ಲ ಸಿಮೋನ್, ನಿಂಗೆ ಹೆದರಿಕೆ. ಇಂಥ ಕೈ ಇರುವಾಗ ಎಂಥ ಹೆದರಿಕೆ? ಇವಳನ್ನು ಈ ಮರಳಲ್ಲಿ ಕೂರಿಸೋದು ಪಾಪ." ಎಣ್ಣೆಯ ಬೆರಳಲ್ಲೇ ಫೋನಿನ ಪರದೆ ಒತ್ತಿದರು. "ಖಲಾಸ್, ರಾಜೀನಾಮೆ ಮಂಜೂರಾಯ್ತು. ಯಲ್ಲಾ, ಮಬ್ರೂಕ್, ಅಭಿನಂದನೆ!"

ಒಳಗೆ ಬಾಗಿಲ ಸಂದಿಯಲ್ಲಿ ರಮ್ಲತ್ ಪಿಸುಗುಟ್ಟಿದಳು, "ಎಂತ ಹೇಳಿದ್ರು? ಖುಷಿಯಾಯ್ತಾ ಅವ್ರಿಗೆ?"

"ತುಂಬ," ಎಂದಳು ಆಲ್ಬಿನಾ.

ಹೊರಕೋಣೆಯಿಂದ ಅಬ್ದುಲ್ ಅಝೀಝ್ ಕೂಗಿದರು. "ಮನೆಗೂ ನಾಲ್ಕು ಕಟ್ಟಿಕೊಡಮ್ಮ. ಇನ್ನು ನಮಗೆಲ್ಲಿ ಸಿಗ್ತದೆ!"