ಇಪ್ಪತ್ಮೂರನೇ ಕೋಣೆ ಸರಿ ಇದೆ

ದಾಖಲೆ ಕಚೇರಿಯ ಕಂಪ್ಯೂಟರಿನ ತಪಾಸಣೆ ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಶುರುವಾಗಿ ಮಧ್ಯಾಹ್ನ ಮೂರು ನಲವತ್ತಕ್ಕೆ ಮುಗಿಯುತ್ತಿತ್ತು. ಸಾರ್ವಜನಿಕರ ಕಿಟಕಿ ನಾಲ್ಕಕ್ಕೆ ಮುಚ್ಚುತ್ತಿತ್ತು. ನಡುವಿನ ಇಪ್ಪತ್ತು ನಿಮಿಷದಲ್ಲಿ ಸಾರ್ವಜನಿಕರ ಸೇವೆ ನಡೆಯುತ್ತಿತ್ತು. ಇದರ ಬಗ್ಗೆ ಯಾರೂ ತಕರಾರು ಕೊಟ್ಟದ್ದಿಲ್ಲ. ತಕರಾರು ಕೊಡಬೇಕಾದ ಕಿಟಕಿಯೂ ಅದೇ ಆಗಿತ್ತು.

ಆ ಯಂತ್ರದೊಳಗೆ ನಲವತ್ತೊಂದು ಕೋಣೆ. ಬಲ್ಲವರು ಲಾಜಿಕಲ್ ವಾಲ್ಯೂಮ್ ಎನ್ನುತ್ತಿದ್ದರು. ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಒಂದೇ ಅಡುಗೆಮನೆಯಲ್ಲಿ ಓರಗಿತ್ತಿಯರು ಇದು ನಿನ್ನ ಗೂಡು, ಇದು ನನ್ನ ಗೂಡು ಎಂದು ಹಂಚಿಕೊಂಡ ಹಾಗೆ, ನಾಲ್ಕು ಡಿಸ್ಕುಗಳ ಜಾಗವನ್ನು ಬಾಯಿಮಾತಿನಲ್ಲಿ ಹಂಚಿದ್ದು, ಅಷ್ಟೇ. ಒಂದೊಂದು ಕೋಣೆಯಲ್ಲೂ ಫೈಲುಗಳು ಇಟ್ಟ ಹಾಗೇ ಇವೆಯೋ, ಹುಳ ಹಿಡಿದಿವೆಯೋ ಎಂದು ನೋಡಿಬರಲು ಒಂದು ಸ್ಕ್ರಿಪ್ಟು. ಯಂತ್ರಕ್ಕೆ ಬರೆದುಕೊಟ್ಟ ಕೆಲಸದ ಪಟ್ಟಿ ಎನ್ನಿ. ಬರೆದವನು ಮೇಲ್ವಿಚಾರಕರ ಭಾವಮೈದ. ಯಾವ ಯೋಗ್ಯತೆಯಿಂದ ಬರೆದ ಎಂದು ಯಾರೂ ಕೇಳಲಿಲ್ಲ. ಅವನ ಅಕ್ಕನನ್ನು ಎಲ್ಲರೂ ನೋಡಿದ್ದರು.

ಸೂಚನಾ ಫಲಕದ ಮೇಲೆ ಆರು ವರ್ಷದಿಂದ ಒಂದು ಆದೇಶ ತೂಗುತ್ತಿತ್ತು: “ತಪಾಸಣೆಯ ಅವಧಿಯನ್ನು ಅರ್ಧಕ್ಕೆ ಇಳಿಸುವ ತಾತ್ಕಾಲಿಕ ನೌಕರರನ್ನು ಆ ಕ್ಷಣದಿಂದಲೇ ಕಾಯಂಗೊಳಿಸತಕ್ಕದ್ದು.” ಇದರಿಂದ ಅಲ್ಲಿಯವರೆಗೆ ಯಾರಿಗೂ ಅಪಾಯವಾಗಿರಲಿಲ್ಲ. ಅದು ತೂಗುತ್ತಿದ್ದ ಮೊಳೆಗೆ, ಕಿಟಕಿಯಲ್ಲಿ ಮೊಹರು ಒತ್ತಲು ಕೂರುವ, ಎಲ್ಲರೂ ಮೊಹರಿನ ಅಕ್ಕ ಎನ್ನುವ ಹೆಂಗಸು ತನ್ನ ಕೊಡೆ ಸಿಕ್ಕಿಸುತ್ತಿದ್ದಳು.

ಕೊಡೆ ಸರಿಸಿ ಆದೇಶ ಓದಿದವಳು ಕನ್ನಡಕದವಳು. ಮೂರು ಮೂರು ತಿಂಗಳಿಗೆ ಮುಗಿಯುವ ನೌಕರಿ ಅವಳದು; ಈ ಸಲದ್ದು ಶುಕ್ರವಾರಕ್ಕೆ ಮುಗಿಯುವುದಿತ್ತು. ಅವಳ ತಾಯಿಯೋ, ಮಗಳು ಕಾಯಂ ಆದಳು ಎಂದು ನೆಂಟರಿಷ್ಟರಿಗೆಲ್ಲ ಎರಡು ವರ್ಷದ ಹಿಂದೆಯೇ ಸಾರಿಕೊಂಡು ಬಂದಿದ್ದಳು. ಇನ್ನೂ ಬಾರದ ನೇಮಕಾತಿ ಆದೇಶಕ್ಕೆಂದು ಗಾಜಿನ ಕಟ್ಟು ಹಾಕಿಸಿ, ನಡುಮನೆಯ ಗೋಡೆಯಲ್ಲಿ ಮೊಳೆಯನ್ನೂ ಹೊಡೆಸಿ ಇಟ್ಟಿದ್ದಳು. ಬಂದವರು ಬರಿಗಾಜು ನೋಡಿ “ಏನಿದು?” ಎಂದರೆ, “ಒರೆಸೋಕೆ ತೆಗೆದಿದೀವಿ” ಎನ್ನುತ್ತಿದ್ದಳು. ಎರಡು ವರ್ಷ ಒರೆಸಿದಳು ಮಹಾತಾಯಿ! ಈಗ ಮಗಳು ಕಾಯಂ ಆಗಬೇಕಾದದ್ದು ಆ ಗಾಜಿನ ಮಾನಕ್ಕಾಗಿ.

ಸೋಮವಾರ ಅವಳು ಸ್ಕ್ರಿಪ್ಟು ತೆರೆದು ನೋಡಿದಳು. ಒಂದು ಕೋಣೆಯ ಮುಂದೆ ನಿಂತಾಗಲೆಲ್ಲ ಅದು ವಾಪಸು ಬಂದು ನಲವತ್ತೊಂದು ಕೋಣೆಯನ್ನೂ ಮೊದಲಿಂದ ಎಣಿಸಿ ಹೋಗುತ್ತಿತ್ತು. ಒಂದು ಡಿಸ್ಕಿನಲ್ಲಿ ಕೆಲಸ ನಡೆಯುವಾಗ ಮಿಕ್ಕ ಮೂರು ಕೈಕಟ್ಟಿ ಕೂತಿರುತ್ತಿದ್ದವು.

“ಪ್ರತಿ ಸಲ ಯಾಕೆ ಎಣಿಸೋದು ಸಾರ್?” ಎಂದು ಭಾವಮೈದನನ್ನು ಕೇಳಿದಳು.

“ನಡುವೆ ಒಂದು ಕಮ್ಮಿಯಾದ್ರೆ?”

“ಎಲ್ಲಿಗೆ ಹೋಗತ್ತೆ ಸಾರ್ ಕೋಣೆ?”

“ಹೋಗಿಲ್ವಲ್ಲ, ನೋಡು! ಎಣಿಸ್ತಾ ಇರೋದಕ್ಕೇ ಹೋಗಿಲ್ಲ.”

ಅವಳು ತನ್ನ ಕುರ್ಚಿಗೆ ಮರಳಿದಳು. ಎಣಿಕೆ ಒಂದೇ ಸಲ ಸಾಕೆಂದು ಬರೆದಳು. ನಾಲ್ಕು ಡಿಸ್ಕಿಗೆ ನಾಲ್ಕು ಕೈ ಹಚ್ಚಿದಳು. ಒಂದೇ ಡಿಸ್ಕಿಗೆ ಎರಡು ಕೈ ಹಚ್ಚಿದರೆ ಒಂದೇ ಒಲೆಯ ಮುಂದಿನ ಅತ್ತೆ ಸೊಸೆಯಂತೆ ತಳ್ಳಾಡುತ್ತವೆಂದು ಅದನ್ನೂ ತಡೆದಳು. ಮಂಗಳವಾರದ ತಪಾಸಣೆ ಹನ್ನೊಂದು ನಿಮಿಷಕ್ಕೆ ಮುಗಿಯಿತು.

ಹತ್ತು ಗಂಟೆ ಹನ್ನೊಂದು ನಿಮಿಷಕ್ಕೆ ಕಿಟಕಿ ತೆರೆದಾಗ ಸಾಲಿನಲ್ಲಿದ್ದವರೇ ಬೆಚ್ಚಿಬಿದ್ದರು. ಮೊದಲನೆಯವನು ಚಪ್ಪಲಿ ಬಿಚ್ಚಿ, ಕಾಲು ಚಾಚಿ ಪೇಪರು ಬಿಡಿಸುತ್ತಿದ್ದ. “ಇಷ್ಟು ಬೇಗ ಅಂದ್ರೆ ಹೇಗ್ರೀ? ಒಂದು ಮಾತು ಹೇಳಬಾರದಾ?” ಎಂದು ಗದರಿದ. ಮೊಹರಿನ ಅಕ್ಕನ ಮಡಿಲಲ್ಲಿ ಸ್ವೆಟರಿನ ಒಂದೇ ತೋಳು ಮುಗಿದಿತ್ತು. ಆ ಕಚೇರಿಯಲ್ಲಿ ಅವಳು ಹೆಣೆದದ್ದು ಮೂವತ್ತೆಂಟು ಸ್ವೆಟರು. ಒತ್ತಿದ ಮೊಹರಿನ ಲೆಕ್ಕ ಕೇಳಬೇಡಿ.

ಇದೆಲ್ಲ ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಪರದೆಯ ಮೇಲೆ ನಲವತ್ತು ಕೋಣೆಯ ಮುಂದೆ ‘ಸರಿ ಇದೆ’ ಎಂದಿತ್ತು. ಇಪ್ಪತ್ಮೂರರ ಮುಂದೆ ‘ಕೆಟ್ಟಿದೆ, ಏನೂ ಓದಲಾಗುತ್ತಿಲ್ಲ’ ಎಂದಿತ್ತು.

ಕನ್ನಡಕದವಳು ಹಳೆಯ ಸ್ಕ್ರಿಪ್ಟನ್ನು ಮತ್ತೆ ಓದಿದಳು. ಅದು ಪ್ರತಿ ಕೋಣೆಗೂ ಮೊದಲು ‘ಸರಿ ಇದೆ’ ಎಂದು ಬರೆದು, ಆಮೇಲೆ ಒಳಗೆ ಹೋಗಿ ನೋಡಿ, ಕಂಡದ್ದನ್ನು ಯಾರಿಗೂ ಹೇಳದೆ ಬಾವಿಗೆ ಎಸೆದು ಬರುತ್ತಿತ್ತು. ಆರು ವರ್ಷ, ದಿನಕ್ಕೆ ಐದು ಗಂಟೆ ನಲವತ್ತು ನಿಮಿಷ, ಹೀಗೇ.

ಅವಳು ಮೇಲ್ವಿಚಾರಕರ ಮುಂದೆ ನಿಂತಳು. ಭಾವಮೈದ ಆಗಲೇ ಪಕ್ಕದ ಕುರ್ಚಿಯಲ್ಲಿದ್ದ.

“ಇಪ್ಪತ್ಮೂರರಲ್ಲಿ ಏನಿದೆಯಮ್ಮ?” ಎಂದರು ಮೇಲ್ವಿಚಾರಕರು.

“ನಮ್ಮ ಕಚೇರಿ ನೌಕರರ ನೇಮಕಾತಿ ಆದೇಶಗಳು ಸಾರ್. ಎಲ್ಲರದೂ. ಬೇರೆ ಪ್ರತಿ ಇಲ್ಲ.”

ಮೇಲ್ವಿಚಾರಕರು ತಮ್ಮ ಕುರ್ಚಿಯ ಕೈ ಹಿಡಿದುಕೊಂಡರು. “ಅಂದ್ರೆ ನಾನು?”

“ದಾಖಲೆ ಪ್ರಕಾರ ಬೆಳಿಗ್ಗೆ ಬೀದಿಯಿಂದ ಒಳಗೆ ಬಂದವರು ಸಾರ್. ನಾವೆಲ್ಲರೂ.”

“ಹಾಗಾದ್ರೆ ನೀನು ಈ ವರದೀನ ಯಾರಿಗೆ ಕೊಡ್ತಾ ಇದೀಯ?”

ಅವಳು ವರದಿಯನ್ನು ಅವರತ್ತ ಚಾಚಿದಳು.

“ಕೋಣೆ ಕೆಟ್ಟಿದ್ರೆ ನಾನು ಮೇಲ್ವಿಚಾರಕ ಅಲ್ಲ, ವರದಿ ತಗೊಳ್ಳೋ ಹಾಗಿಲ್ಲ. ನಾನು ತಗೊಂಡ್ರೆ ಮೇಲ್ವಿಚಾರಕ ಅಂತಾಯ್ತು, ಕೋಣೆ ಕೆಟ್ಟಿಲ್ಲ ಅಂತಾಯ್ತು, ವರದಿ ಸುಳ್ಳು. ಎರಡರಲ್ಲಿ ಯಾವುದು ಬೇಕಮ್ಮ?”

ಭಾವಮೈದ ಗಂಟಲು ಸರಿಮಾಡಿಕೊಂಡ. “ಭಾವ, ನನ್ನ ಸ್ಕ್ರಿಪ್ಟಲ್ಲಿ ಆರು ವರ್ಷ ಒಂದು ಕೋಣೇನೂ ಕೆಡಲಿಲ್ಲ. ಇವಳು ಕೈಯಿಟ್ಟ ದಿನ ಕೆಟ್ಟಿತು.”

ಬುಧವಾರ ಸಮಿತಿ ಕೂತಿತು. ಗುರುವಾರ ಸುತ್ತೋಲೆ ಬಂತು:

“ಕೋಣೆಗಳು ನಿಧಾನವಾಗಿ ನೋಡಿದಾಗ ಸರಿಯಿದ್ದು, ಬೇಗ ನೋಡಿದಾಗ ಕೆಡುವುದು ಸಮಿತಿಯ ಗಮನಕ್ಕೆ ಬಂದಿದೆ. ಆದ್ದರಿಂದ ಇನ್ನು ಮುಂದೆ ಫಲಿತಾಂಶವನ್ನು ತಪಾಸಣೆಗೆ ಮೊದಲೇ ಪ್ರಕಟಿಸತಕ್ಕದ್ದು. ಪ್ರಕಟವಾದ ಫಲಿತಾಂಶವನ್ನು ಪುನಃ ತಪಾಸಣೆಗೆ ಒಳಪಡಿಸುವುದು ಅದರ ಮೇಲಿನ ಅವಿಶ್ವಾಸವೆನಿಸುವುದರಿಂದ, ತಪಾಸಣೆಯನ್ನು ಕೈಬಿಡತಕ್ಕದ್ದು. ತಪಾಸಣೆಯ ಅವಧಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಹಿಂದಿನಂತೆಯೇ ಉಳಿಸಿಕೊಳ್ಳತಕ್ಕದ್ದು.”

ಇದಕ್ಕೆ ತಕ್ಕ ಸ್ಕ್ರಿಪ್ಟು ಬರೆಯುವ ಕೆಲಸ ಅವಳಿಗೇ ಬಿತ್ತು. ಅವಳು ಆ ಖಾಲಿ ಗಾಜನ್ನು ನೆನೆದಳು, ಶುಕ್ರವಾರವನ್ನೂ ನೆನೆದಳು. ನಲವತ್ತೊಂದು ಸಲ ‘ಸರಿ ಇದೆ’ ಎಂದು ಬರೆಯುವ ಒಂದೇ ಸಾಲು ಬರೆದಳು. ಒಂದು ಸೆಕೆಂಡೂ ಹಿಡಿಯಲಿಲ್ಲ. ಅರ್ಧಕ್ಕಿಂತ ಕಡಿಮೆಯೇ ಆಯಿತೆಂದು ಸಮಿತಿ ಒಮ್ಮತದಿಂದ ಒಪ್ಪಿ, ಅವಳನ್ನು ಕಾಯಂಗೊಳಿಸಿತು. ಭಾವಮೈದ ಸಿಹಿ ಹಂಚಿದ. ಕಿಟಕಿ ಮತ್ತೆ ಮೂರು ನಲವತ್ತಕ್ಕೇ ತೆರೆಯತೊಡಗಿತು. ಸಾಲಿನ ಮೊದಲನೆಯವನು ಕಾಲು ಚಾಚಿದ. ಮೊಹರಿನ ಅಕ್ಕ ಎರಡನೆಯ ತೋಳಿಗೆ ಕೈಹಾಕಿದಳು.

ಶುಕ್ರವಾರ ಸಂಜೆ ಮಗಳು ಮನೆಗೆ ಬರುವಷ್ಟರಲ್ಲಿ ತಾಯಿ ಕಟ್ಟನ್ನು ಬಿಚ್ಚಿ, ಗಾಜನ್ನು ಕೊನೆಯ ಸಲ ಒರೆಸಿ ಕಾದಿದ್ದಳು.

“ಎಲ್ಲೇ ಆದೇಶ?”

“ಕಾಗದದಲ್ಲಿ ಕೊಡಲ್ವಂತಮ್ಮ. ಆಫೀಸಲ್ಲೇ ಇಟ್ಟಿದಾರೆ, ಕಂಪ್ಯೂಟರಲ್ಲಿ. ಇಪ್ಪತ್ಮೂರನೇ ಕೋಣೆ.”

“ಭದ್ರವಾಗಿದೆ ತಾನೆ?”

“ಸರಿ ಇದೆ,” ಎಂದಳು ಮಗಳು, ತಾಯಿ ಕೇಳಿ ಮುಗಿಸುವ ಮೊದಲೇ.

ತಾಯಿ ಬರಿಗಾಜಿನ ಕಟ್ಟನ್ನೇ ಮೊಳೆಗೆ ತೂಗುಹಾಕಿ, ಸೊಟ್ಟಗಿದ್ದ ಮೂಲೆಯನ್ನು ನೇರ ಮಾಡಿ, ನೆರೆಯವರನ್ನು ಕರೆಯಲು ಹೊರಗೆ ನಡೆದಳು.