ತಾಟು ಹೊತ್ತ ಕಾಕಾ

ನಮ್ಮ ಕಾಕಾ ಮದುವೆಗೆ ಬಂದರೆ ಹೆಣ್ಣಿನವರಿಗೆ ಸಿಟ್ಟು, ಗಂಡಿನವರಿಗೆ ಅನುಮಾನ, ಬಡಿಸುವವರಿಗೆ ಭಯ! ಅವನೇನು ಜಗಳಗಂಟನಲ್ಲ. ಎಲ್ಲಿಗೆ ಹೋದರೂ ಬಗಲಚೀಲದಲ್ಲಿ ತನ್ನದೇ ಸ್ಟೀಲಿನ ತಾಟು, ತನ್ನದೇ ಲೋಟ ಒಯ್ಯುತ್ತಾನೆ, ಅಷ್ಟೇ. ಕೊಡಬೇಕಾದ ಆಯೇರಿ ಉಡುಗೊರೆ ಮರೆತಾನು, ತಾಟು ಮರೆಯಲಾರ. ಬಡಿಸುವವರು ಹೆದರುವುದು ಆ ತಾಟಿನ ಅಗಲ ನೋಡಿ.

ಈ ಹುಚ್ಚಿಗೆ ನಾನೇ ಕಾರಣ ಎಂದು ಮನೆಯವರೆಲ್ಲರ ಆರೋಪ. ಕಲಬುರಗಿಯಲ್ಲಿ ಪರಿಸರ ವಿಜ್ಞಾನ ಓದಿ ಬಂದು, ಯಾದಗಿರಿಯ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದೆ. ಶಾಲೆ ಶಾಲೆಗೆ ಹೋಗಿ ನೀರು, ಮಣ್ಣು, ಕಸದ ಬಗ್ಗೆ ಮಕ್ಕಳಿಗೆ ಹೇಳಿಕೊಡುವುದು ನನ್ನ ಕೆಲಸ. ಕೆಲಸ ಮಾಡುವುದಕ್ಕಿಂತ ಅದೇನೆಂದು ಓಣಿಯವರಿಗೆ ತಿಳಿಸುವುದೇ ಕಷ್ಟವಾಯಿತು.

“ಟೀಚರ್ ಏನವಾ?” ಎಂದಳು ಬಾಜೂಮನೆಯ ಅಜ್ಜಿ.

“ಅಲ್ಲಬೇ.”

“ಮುನ್ಸಿಪಾಲ್ಟ್ಯಾಗ?”

“ಅಲ್ಲ.”

“ಮತ್ತ ಬರೇ ಕಸದ ಸುದ್ದಿ ಹೇಳಾಕ ಪಗಾರ ಕೊಡ್ತಾರ? ಹಂಗಾರ ನಮ್ಮ ಸೊಸಿ ಸುದ್ದಿ ನಾ ಹೇಳ್ತೀನಿ, ನನಗೂ ಕೊಡಸ!”

ಅವತ್ತಿನಿಂದ ನಾನು ‘ಕಸದ ಮೇಡಂ’ ಆದೆ.

ನನ್ನ ಮೊದಲ ಭಾಷಣ ಶಹಾಪುರದ ಒಂದು ಶಾಲೆಯಲ್ಲಿ. ಕಾಕಾನಿಗೆ ಅದೇ ಊರಿನಲ್ಲಿ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಅವತ್ತು ಶಾಲೆಗೆ ಕುರ್ಚಿ ಇಳಿಸಲು ಬಂದವನು ಹಿಂದೆಯೇ ಕುಳಿತುಬಿಟ್ಟ. ಒಂದು ಹೊತ್ತು ಉಂಡು ಎಸೆದ ಥರ್ಮಾಕೋಲ್ ತಾಟು ಮೊಮ್ಮಕ್ಕಳ ಕಾಲಕ್ಕೂ ಕೆರೆ ದಂಡೆಯಲ್ಲೇ ಬಿದ್ದಿರುತ್ತದೆ ಎಂದು ನಾನು ಗಂಟಲು ಹರಿಯುವಂತೆ ಹೇಳಿದೆ. ಮಕ್ಕಳು ಆಕಳಿಸಿದರು. ಹೆಡ್ಮಾಸ್ತರರು ಗಡಿಯಾರ ನೋಡಿಕೊಂಡರು. ಬಾಯಿ ತೆರೆದು ಕೇಳಿದವನು ಕಾಕಾ ಒಬ್ಬನೇ.

ಮರುದಿನವೇ ಅಂಗಡಿಯಲ್ಲಿದ್ದ ಎಸೆಯುವ ತಾಟು, ಪ್ಲಾಸ್ಟಿಕ್ ಲೋಟವನ್ನೆಲ್ಲ ತಂದ ಕಡೆಗೇ ವಾಪಸ್ ಕಳಿಸಿದ. ಗಿರಾಕಿಗಳು ಎದುರಿನ ಅಂಗಡಿಯ ಮೆಟ್ಟಿಲು ಹತ್ತಿದರು. ಅವನ ಹೆಂಡತಿ, ನಮ್ಮ ಕಾಕು, ನನ್ನ ಕಡೆ ನೋಡಿ ಹಣೆ ಬಡಿದುಕೊಂಡಳು: “ಭಾಷಣ ಕೇಳಿ ಮಂದಿ ಚಪ್ಪಾಳಿ ಹೊಡೀತಾರ. ಇವರು ಧಂದೇಕ ಕೊಳ್ಳಿ ಇಟ್ಟರು ನೋಡವಾ!”

ತಾಟು ಹೊರುವ ವ್ರತ ಶುರುವಾದದ್ದೂ ಆಗಲೇ. ವಡಗೇರಾದ ಒಂದು ಮದುವೆಯಲ್ಲಿ ಕಾಕಾ ಚೀಲದಿಂದ ತಾಟು ತೆಗೆದದ್ದೇ ತಡ, ಮನೆಯೊಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು: “ಯಾಕ್ರಿ, ನಮ್ಮ ಮನ್ಯಾಗ ತಾಟಿಗಿ ಬರ ಬಂದದೇನು?” ಪಕ್ಕದಲ್ಲಿ ಹುಗ್ಗಿ ಉಣ್ಣುತ್ತಿದ್ದ ಮುದುಕಿಗೆ ಮಾತ್ರ ಭಕ್ತಿ ಉಕ್ಕಿತು. “ಯಾವ ವ್ರತ ಹಿಡದೀರಿ ಯಪ್ಪಾ?” ಎಂದು ಕೇಳಿದಳು. ಕಾಕಾ ಇದ್ದದ್ದನ್ನೇ ಹೇಳಿದ: “ನಮ್ಮ ಹುಡುಗಿ ಹೇಳ್ಯಾಳ್ರಿ.”

ಅಷ್ಟು ಸಾಕಾಯಿತು! ಒಂದೆರಡು ದಿನದಲ್ಲಿ ಆ ಮುದುಕಿ ಕಾಯಿ, ಕರ್ಪೂರ ಹಿಡಿದು ನಮ್ಮ ಬಾಗಿಲಿಗೇ ಬಂದಳು. ಮೈಮೇಲೆ ದೇವಿ ಬರುವ ಹುಡುಗಿ ಎಲ್ಲಿದ್ದಾಳೆ ಎಂದು ವಿಚಾರಿಸಿದಳು. ಅವ್ವ ಹಿತ್ತಲಿಗೆ ಕೈತೋರಿಸಿದಳು. ದೇವಿ ಆಗ ಮೊಣಕೈವರೆಗೆ ಕೈ ಹಾಕಿ ಗೊಬ್ಬರದ ಗುಂಡಿ ಕೆದಕುತ್ತಿದ್ದಳು. ಮುದುಕಿ ಕಾಯಿ ವಾಪಸ್ ಒಯ್ದಳು.

ನಗಲು ಇದೆಲ್ಲ ಚೆನ್ನ. ಆದರೆ ನನ್ನ ಕೆಲಸವೇ ಆಗ ತೂಗುಯ್ಯಾಲೆಯಲ್ಲಿತ್ತು. ವರ್ಷದೊಳಗೆ ಶಾಲೆಗಳು ತಾವಾಗಿ ನಿನ್ನನ್ನು ಕರೆಯದಿದ್ದರೆ ಈ ಹುದ್ದೆ ಮುಂದುವರಿಯುವುದಿಲ್ಲ ಎಂದು ಆಫೀಸಿನವರು ಹೇಳಿಬಿಟ್ಟಿದ್ದರು. ಕರೆಯುವವರು ಯಾರು? ಹೋದಲ್ಲೆಲ್ಲ ಒಂದೇ ಉತ್ತರ: “ಪಾಠಾನೇ ಮುಗಿಯವಲ್ವು ಮೇಡಂ, ಇದಕ್ಕೆಲ್ಲಿಂದ ಟೈಮ್ ತರೂಣು?” ಇತ್ತ ಅವ್ವ ದಿನವೂ ಬಿ.ಎಡ್. ಜಪ ಮಾಡುತ್ತಿದ್ದಳು. ಒಂದು ದಿನ ಕಾಕಾನ ಅಂಗಡಿಗೆ ಹೋಗಿ, “ಬಿಟ್ಟಬಿಡ್ತೀನಿ ಕಾಕಾ, ಇದು ನನ್ನ ಕೈಲಿ ಆಗಂಗಿಲ್ಲ” ಎಂದು ಅತ್ತೆ. ಅವನು ತನ್ನ ಪಾಡಿಗೆ ತಾಟು ಒರೆಸುತ್ತ ಕುಳಿತಿದ್ದ. ಕಲ್ಲು ಮನಸ್ಸಿನವನು ಎಂದುಕೊಂಡು ಬಸ್ಸು ಹತ್ತಿದೆ.

ಆಮೇಲೆ ನೋಡಿ ಚಮತ್ಕಾರ! ಒಂದಾದ ಮೇಲೊಂದು ಶಾಲೆಯಿಂದ ಫೋನು. ಒಂದು ಕಡೆ ವಾರ್ಷಿಕೋತ್ಸವ, ಇನ್ನೊಂದು ಕಡೆ ಬೀಳ್ಕೊಡುಗೆ, ಎಲ್ಲದಕ್ಕೂ ನನ್ನದೇ ಭಾಷಣ. ನನ್ನ ಕೀರ್ತಿ ಹಬ್ಬಿತು ಎಂದು ಕತ್ತು ನೆಟ್ಟಗೆ ಮಾಡಿಕೊಂಡು ಓಡಾಡಿದೆ. ಆ ಕತ್ತನ್ನು ಇಳಿಸಿದವರು ಬಳಿಚಕ್ರದ ಹೆಡ್ಮಾಸ್ತರರು. “ಭಾಷಣ ಎಷ್ಟರ ಆಗ್ಲಿರಿ ಮೇಡಂ, ಹುಡುಗ್ರು ತಡೀತಾವ. ತಾಟು ಮಾತ್ರ ಕಮ್ಮಿ ಬೀಳಬಾರದ ನೋಡ್ರಿ!”

ಯಾವ ತಾಟು? ವಿಚಾರಿಸಿದರೆ, ಕಾಕಾ ತನ್ನ ಟಂಟಂ ಗಾಡಿ ಏರಿ ಶಾಲೆ ಶಾಲೆ ಸುತ್ತಿದ್ದ. ಕಾರ್ಯಕ್ರಮದ ಊಟಕ್ಕೆ ಸ್ಟೀಲ್ ತಾಟು ಪುಕ್ಕಟೆ. ಕರಾರು ಒಂದೇ, ಊಟಕ್ಕಿಂತ ಮೊದಲು ನಮ್ಮ ಹುಡುಗಿಯ ಭಾಷಣ!

ನನಗೆ ಮೈಯೆಲ್ಲ ಉರಿಯಿತು. “ಅಂದ್ರ ಅವರು ಕರದದ್ದು ನನಗಲ್ಲ, ತಾಟಿಗಿ!”

“ಹೌದವಾ,” ಎಂದ ತಣ್ಣಗೆ. “ಮೊದಲ್ನೇ ಸಲ ತಾಟಿಗೇ ಕರೀತಾರ. ಎರಡ್ನೇ ಸಲ ಕರದಾಗ ಬಂದು ಹೇಳು.”

ಎರಡನೇ ಸಲ ಕರೆದದ್ದು ಸುರಪುರದ ಶಾಲೆ. ರೂಢಿಯಂತೆ ನಾನೇ, “ತಾಟು ಎಷ್ಟ ಬೇಕ್ರಿ?” ಎಂದೆ. ಆ ಕಡೆಯ ಹೆಡ್ ಮೇಡಂ ನಕ್ಕರು. “ತಾಟು ಬ್ಯಾಡ್ರಿ. ನೀವು ಬಂದು ಹೋದಮ್ಯಾಲ ಹುಡುಗ್ರು ಹಟ ಹಿಡದು, ಪಾಲಕರೆಲ್ಲ ಕೂಡಿ ತಾಟು ತಂದು ಕೊಟ್ಟಾರ. ನೀವೊಬ್ರ ಬರ್ರಿ ಸಾಕು. ಮೇಡಂ ಯಾವಾಗ ಬರ್ತಾರ ಅಂತ ಕೇಳಾಕತ್ತಾರ.”

ಅವ್ವನನ್ನೂ ಕರೆದುಕೊಂಡು ಶಹಾಪುರಕ್ಕೆ ಓಡಿದೆ. “ಕಾಕಾ, ಸುರಪುರದವರಿಗಿ ನಿನ್ನ ತಾಟು ಬ್ಯಾಡಂತ!” ಪಾತ್ರೆ ಬಾಡಿಗೆಯವನಿಗೆ ಇದಕ್ಕಿಂತ ಕೆಟ್ಟ ಸುದ್ದಿ ಉಂಟೇ? ಕಾಕಾ ಗಹಗಹಿಸಿ ನಕ್ಕ. ನಗುನಗುತ್ತಲೇ ಹೆಗಲ ಮೇಲಿನ ಟಾವೆಲ್ಲಿನಿಂದ ಕಣ್ಣೊರೆಸಿಕೊಂಡ.

ಖುಷಿಯಲ್ಲಿ ಅವನು ಶಾಲೆಗೆ ಒಯ್ಯುತ್ತಿದ್ದ ತಾಟಿನ ಅಟ್ಟಿಗೆ ಒರಗಿದೆ. ಮೇಲಿನದೊಂದು ಜಾರಿ ಬೋರಲು ಬಿತ್ತು. ತಳದಲ್ಲಿ ನನ್ನ ಹೆಸರು ಕೊರೆಸಿತ್ತು! ಇನ್ನೊಂದನ್ನು ತಿರುವಿದೆ, ಅದರಲ್ಲೂ ನನ್ನ ಹೆಸರೇ. ಇಡೀ ಅಟ್ಟಿಯೇ ಹಾಗಿತ್ತು. ನಮ್ಮಲ್ಲಿ ಹೀಗೆ ಸಾಲು ತಾಟಿಗೆ ಒಬ್ಬರ ಹೆಸರು ಹಾಕಿಸುವುದು, ತೀರಿಕೊಂಡವರ ನೆನಪಿಗೆಂದು ಅಬ್ಬೆತುಮಕೂರಿನ ಮಠಕ್ಕೆ ಕೊಡುವಾಗ. ಅಂಥ ತಾಟನ್ನು ಇನ್ನು ಯಾವ ಮದುವೆಯವರೂ ಬಾಡಿಗೆಗೆ ಮುಟ್ಟುವುದಿಲ್ಲ. ಅದು ಕಾಕಾನಿಗೆ ಗೊತ್ತಿರಲಿಲ್ಲವೇ?

ಅವ್ವ ಚೀರಿದಳು: “ಅಯ್ಯ ನಿನ್ನ! ಬದುಕಿದ್ದಾಕಿ ಹೆಸರು ಹಿಂಗ ಹಾಕಸ್ತಾರೇನೋ?”

ಕಾಕಾ ಬಿದ್ದ ತಾಟನ್ನೆತ್ತಿ ಅಂಗಿಯಿಂದ ಒರೆಸಿದ. “ಸತ್ತವರ ನೆನಪಿಗಿ ಎಲ್ಲಾರೂ ಹಾಕಸ್ತಾರ್ರಿ ವೈನಿ. ಅವತ್ತು ಅತಗೋತ ಹ್ವಾದ್ಳು. ಈಕಿ ಕೆಲಸ ಉಳೀಲಿ ಅಂತ ನಾ ಹಾಕ್ಸೀನಿ.”

ಕೆಲಸ ಉಳಿಯಿತು. ಈಗ ನನ್ನ ಕೈಕೆಳಗೆ ಕಲಿಯುವವರೂ ಇದ್ದಾರೆ. ಇಂದು ನಾನು ಉಣ್ಣುವ ಅನ್ನದಲ್ಲಿ ಕಾಕಾನ ಋಣವಿದೆ, ಅದು ತೀರುವಂಥದ್ದಲ್ಲ.

ಮೊನ್ನೆ ಒಂದು ಮದುವೆಯಲ್ಲಿ ನಾವಿಬ್ಬರೂ ಜೋಡಿ ಕುಳಿತು ಚೀಲದಿಂದ ತಾಟು ತೆಗೆದೆವು. ಎದುರಿಗಿದ್ದ ಹೆಂಗಸು ನನ್ನ ಕಡೆ ಬಗ್ಗಿ ಕೇಳಿದಳು: “ಯಾವ ವ್ರತಾನವಾ ಇದು?”

“ನಮ್ಮ ಕಾಕಾ ಹೇಳ್ಯಾನ್ರಿ,” ಎಂದೆ.