ಮೂರು ಕಾಲಿನ ಕಲಾಕೃತಿ

ಷಾಂಬೆರಿ ಊರಿನಲ್ಲಿ ಕಳೆದ ಶತಮಾನದ ಸರಳ ಆಧುನಿಕ ಶೈಲಿಯ ಪೀಠೋಪಕರಣಗಳ ಬಗ್ಗೆ ಗೇತಾನನಷ್ಟು ಮಾತಾಡಬಲ್ಲವರು ಇನ್ನೊಬ್ಬರಿರಲಿಲ್ಲ. (ಕೇಳಬಲ್ಲವರೂ ಇರಲಿಲ್ಲ.) ಇಂಥ ಮಹಾಪಂಡಿತ ಪ್ರತಿ ಭಾನುವಾರ ಊಟವಾದ ಮೇಲೆ ಹೂಬಳ್ಳಿ ಕೆತ್ತಿದ ಓಬೀರಾಯನ ಕಾಲದ ಆರಾಮಕುರ್ಚಿಯಲ್ಲಿ ಗೊರಕೆ ಹೊಡೆಯುವುದೇ? ಈ ಅವಮಾನ ಅವನನ್ನು ಕೊರೆಯುತ್ತಿತ್ತು. ಆ ನಿದ್ದೆಗಿಂತ ದೊಡ್ಡ ಸುಖ ಅವನಿಗೆ ಇರಲಿಲ್ಲ ಎಂಬುದೂ ಅಷ್ಟೇ ನಿಜ.

ಒಂದು ಶನಿವಾರ ಕುರ್ಚಿಯನ್ನು ಹಳೇ ಸಾಮಾನಿನ ಸಂತೆಗೆ ಹೊತ್ತೊಯ್ದು ವ್ಯಾಪಾರಿಗೆ ಕೊಟ್ಟು, ಬದಲಿಗೆ ಮೂರು ಕಾಲಿನ ಮರದ ಸ್ಟೂಲು ಹಿಡಿದು ಬಂದ.

"ಕುರ್ಚಿ ಕೊಟ್ಟು ಸ್ಟೂಲು ತಂದ್ಯಾ? ನಾಳೆ ಎಲ್ಲಿ ಮಲಗ್ತೀಯ?" ಎಂದಳು ಹೆಂಡತಿ ಸೋಲಾಂಜ್.

"ಮೂವತ್ತರ ದಶಕದ್ದು ಕಣೇ. ಒಂದು ಹೂವಿಲ್ಲ, ಬಳ್ಳಿಯಿಲ್ಲ. ಅಂಚಲ್ಲಿ ಈ ಕಚ್ಚು ನೋಡು. ವಸ್ತುನ ಒಡೆದು ನೋಡೋ ಕ್ಯೂಬಿಸಂ ಕಲೆ ಪ್ರಭಾವ."

ಮರುದಿನ ಊಟಕ್ಕೆ ಅತ್ತೆ ಕ್ಲೋಟಿಲ್ಡ್ ಬಂದರು. ಎಂಬತ್ತು ದಾಟಿದ್ದರೂ ಕಣ್ಣು ಚುರುಕು. ಬಂದವರೇ ಸ್ಟೂಲಿನ ಮೇಲೆ ಕೂರಲು ಹೋದರು.

"ಕೂರಬೇಡಿ ಅತ್ತೆ, ಅದು ಮ್ಯೂಸಿಯಮ್ಮಲ್ಲಿ ಇರಬೇಕಾದ ವಸ್ತು."

ಅತ್ತೆ ಅದನ್ನೆತ್ತಿ ಕಚ್ಚಿನೊಳಗೆ ಬೆರಳಾಡಿಸಿದರು. "ಈ ಕಚ್ಚು ನಂದು. ಒಂಬತ್ತು ವರ್ಷದವಳಿದ್ದಾಗ ಅಪ್ಪನ ಹೊಸ ಗರಗಸ ಹೇಗಿದೆ ಅಂತ ನೋಡಿದ್ದೆ. ಅಪ್ಪ ಹಾಲು ಕರೆಯೋಕೆ ಕೂರ್ತಿದ್ದ ಸ್ಟೂಲು ಇದು."

"ಹಾಗಿದ್ರೆ ಸಂತೆಗೆ ಹೇಗೆ ಬಂತು?"

"ನೀವೇ ಹೇಳಬೇಕು ಅಳಿಯಂದಿರೇ. ಹೋದ ವರ್ಷ ನಮ್ಮ ಹಳೇ ಮನೆ ಅಟ್ಟ ಖಾಲಿ ಮಾಡಿ, 'ಅಭಿರುಚಿ ಇಲ್ಲದವರ ಕಸ' ಅಂತ ಇದನ್ನ ಫುಟ್‌ಪಾತಿಗೆ ಹಾಕಿದ್ದು ಯಾರು?"

ದೊಡ್ಡ ಸಾಮಾನುಗಳ ಕಸ ಎತ್ತುವ ದಿನ, ನಗರಸಭೆಯ ಲಾರಿಗಿಂತ ಮೊದಲು ಸಂತೆಯ ವ್ಯಾಪಾರಿಗಳ ವ್ಯಾನು ಬಂದು ಬೇಕಾದ್ದನ್ನು ಆರಿಸಿಕೊಳ್ಳುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಸೋಲಾಂಜ್ ನಕ್ಕ ರಭಸಕ್ಕೆ ಕೈಯಲ್ಲಿದ್ದ ವೈನು ಮೇಜುಬಟ್ಟೆಯ ಪಾಲಾಯಿತು.

ಗೇತಾನ್ ಪಟ್ಟು ಬಿಡಲಿಲ್ಲ. "ಆದ್ರೂ ಅತ್ತೆ, ಆ ಕಾಲದ ಕಲಾವಿದರು ಬೆಟ್ಟದ ಹಳ್ಳಿಗಳ ಇಂಥ ಸ್ಟೂಲು ನೋಡಿಯೇ ಕಲಿತದ್ದು."

"ಇರಬಹುದಪ್ಪ. ನಮ್ಮಪ್ಪ ಮಾತ್ರ ಹಸು ಹತ್ರ ಕಲಿತ. ಕೊಟ್ಟಿಗೆ ನೆಲ ಏರುಪೇರು, ಮೂರು ಕಾಲಿದ್ರೆ ಅಲ್ಲಾಡಲ್ಲ."

ಆ ಮಧ್ಯಾಹ್ನ ಗೇತಾನ್ ಮಹಾನ್ ಕಲಾಕೃತಿಯ ಮೇಲೆ ನಿದ್ದೆಗೆ ಯತ್ನಿಸಿ ಎರಡು ಸಲ ನೆಲ ಕಂಡ.

ಮುಂದಿನ ಭಾನುವಾರ ಅತ್ತೆಯ ಫ್ಲಾಟಿನಲ್ಲಿ ಊಟ. ಒಳಗೆ ಕಾಲಿಟ್ಟವನು ನಿಂತುಬಿಟ್ಟ. ಕಿಟಕಿಯ ಬಿಸಿಲಿನಲ್ಲಿ ಅವನದೇ ಆರಾಮಕುರ್ಚಿ. ಅತ್ತೆ ಸಂತೆಯ ವ್ಯಾಪಾರಿಯನ್ನು ಹಿಡಿದು ಅದನ್ನು ಬಿಡಿಸಿಕೊಂಡು ತಂದಿದ್ದರು. ಗೇತಾನನ ಕಣ್ಣು ಒದ್ದೆಯಾಯಿತು. ಊಟ ಮುಗಿದದ್ದೇ ತಡ, ಅದರತ್ತ ಧಾವಿಸಿದ.

"ಕೂರಬೇಡಿ ಅಳಿಯಂದಿರೇ, ಅದು ಮ್ಯೂಸಿಯಮ್ಮಲ್ಲಿ ಇರಬೇಕಾದ ವಸ್ತು," ಎಂದು ಅತ್ತೆ ತಾವೇ ಅದರಲ್ಲಿ ಒರಗಿ ಕಣ್ಣು ಮುಚ್ಚಿದರು.

ಸೋಲಾಂಜ್ ಮನೆಯಿಂದ ತಂದಿದ್ದ ಚೀಲ ಬಿಚ್ಚಿ, ಸ್ಟೂಲನ್ನು ತೆಗೆದು ಗಂಡನ ಮುಂದಿಟ್ಟಳು.